ಸರ್ವರ್ ‘ರೀಡ್ ಓನ್ಲಿ’ ಅಂತಿದೆ, ಎಫ್‌ಎಸ್‌ಸಿಕೆ ಹೊಡೀಲಾ?

ಪ್ರಶ್ನೆ: ಸಾರ್, ಮಲ್ಲೇಶ್ವರದಲ್ಲಿ ನಮ್ದೊಂದು ಚಿಕ್ಕ ಆಡಿಟರ್ ಆಫೀಸು, ಏಳು ಜನ ಇದೀವಿ. ಒಂದು ಉಬುಂಟು ಸರ್ವರ್ ಇದೆ, ಓಎಸ್‌ಗೆ ಪುಟ್ಟ ಎಸ್‌ಎಸ್‌ಡಿ, ಡೇಟಾಗೆ 2 ಟಿಬಿ ಹಾರ್ಡ್ ಡಿಸ್ಕ್, ಫೈಲ್ ಸಿಸ್ಟಮ್ ಇಎಕ್ಸ್‌ಟಿ4 ಅಂತೆ. ಟ್ಯಾಲಿ ಡೇಟಾ, ಕ್ಲೈಂಟ್‌ಗಳ ಸ್ಕ್ಯಾನ್ ಕಾಪಿ ಎಲ್ಲಾ ಅದ್ರಲ್ಲೇ. ಹೋದ ವಾರ ಸಂಜೆ ಮಳೆಗೆ ಕರೆಂಟ್ ಹೋಯ್ತು, ಯುಪಿಎಸ್ ಎರಡು ನಿಮಿಷ ಕೂಗ್ಕೊಂಡು ಆಫ್ ಆಯ್ತು. ಮಾರನೇ ದಿನ 11 ಗಂಟೆ ಹೊತ್ತಿಗೆ ಯಾರಿಗೂ ಏನೂ ಸೇವ್ ಆಗ್ಲಿಲ್ಲ, ‘ರೀಡ್ ಓನ್ಲಿ ಫೈಲ್ ಸಿಸ್ಟಮ್’ ಅಂತ ಬಂತು. ರೀಸ್ಟಾರ್ಟ್ ಮಾಡಿದ್ರೆ ಸರಿಹೋಗುತ್ತೆ, ಎರಡು ದಿನಕ್ಕೆ ಮತ್ತೆ ಅದೇ ಗೋಳು. ಸರ್ವಿಸ್ ಹುಡುಗ ಫೈಲ್ ಸಿಸ್ಟಮ್ ಚೆಕ್ ಮಾಡಿ ರಿಪೇರಿ ಮಾಡೋ ಎಫ್‌ಎಸ್‌ಸಿಕೆ ಕಮಾಂಡನ್ನ ಮೈನಸ್ ವೈ ಹಾಕಿ ಹೊಡೆದ್ರೆ ಮುಗೀತು ಅಂತಾನೆ, ಅಣ್ಣನ ಮಗ ಫಾರ್ಮ್ಯಾಟ್ ಮಾಡಿ ಅತ್ತೆ ಅಂತಾನೆ, ಇನ್ನೊಬ್ರು ವೈರಸ್ ಅಂದ್ರು. ಹೋದ ತಿಂಗಳು ‘ಜಾಗ ಇಲ್ಲ’ ಅಂತಾನೂ ಬಂದಿತ್ತು, ಒಟ್ಟು ಜಾಗದಲ್ಲಿ ಬಳಸಿದ್ದು ಕಳೆದು ನೋಡಿದ್ರೆ 90 ಜಿಬಿ ಉಳಿದಿತ್ತು! ಕೊನೇ ಬ್ಯಾಕಪ್ ಎರಡು ತಿಂಗಳ ಹಿಂದಿಂದು. 20ನೇ ತಾರೀಖು ಜಿಎಸ್‌ಟಿ 3ಬಿ ರಿಟರ್ನ್ ಫೈಲ್ ಮಾಡ್ಬೇಕು, ಅಲ್ಲೀತನಕ ಹೇಗೋ ತಳ್ಳಬಹುದಾ?

ಉತ್ತರ: ಮೇಡಂ, ಇದನ್ನ ಓದ್ತಿರೋ ಹೊತ್ತಲ್ಲಿ ಸರ್ವರ್ ರೀಡ್ ಓನ್ಲಿಲೇ ನಿಂತಿದ್ರೆ ಹಾಗೇ ಬಿಡಿ, ರೀಸ್ಟಾರ್ಟ್ ಮಾಡ್ಬೇಡಿ, ಆ ಹುಡುಗನಿಗೂ ಮುಟ್ಟೋಕೆ ಬಿಡ್ಬೇಡಿ. ಒಂದು ಯುಎಸ್‌ಬಿ ಡಿಸ್ಕ್ ಹಾಕಿ ಈ ವರ್ಷದ ಟ್ಯಾಲಿ ಫೋಲ್ಡರ್ ಮೊದ್ಲು ಕಾಪಿ ಮಾಡ್ಕೊಳಿ, ಆಮೇಲೆ ಬಂದು ಮಿಕ್ಕಿದ್ದು ಓದಿ. ರೀಡ್ ಓನ್ಲಿ ಅಂದ್ರೆ ಬರೆಯೋಕಾಗಲ್ಲ, ಓದೋಕಾಗುತ್ತೆ. ಕಾಪಿ ಮಾಡೋಕೆ ಇದಕ್ಕಿಂತ ಒಳ್ಳೇ ಟೈಮು ಸಿಗಲ್ಲ, ಯಾಕಂದ್ರೆ ನೀವು ಕಾಪಿ ಮಾಡೋವಾಗ ಯಾರೂ ಮಧ್ಯದಲ್ಲಿ ಏನೂ ಬದಲಾಯ್ಸೋಕಾಗಲ್ಲ.

ಆಯ್ತಾ? ಈಗ ವಿಷ್ಯಕ್ಕೆ ಬರೋಣ.

ರೀಡ್ ಓನ್ಲಿ ಅನ್ನೋದೇ ರೋಗ ಅಂತ ಎಲ್ಲರೂ ಅಂದ್ಕೊಳ್ತಾರೆ. ಅಲ್ಲ. ಇಎಕ್ಸ್‌ಟಿ4, ಅಂದ್ರೆ ಡಿಸ್ಕಲ್ಲಿ ಯಾವ ಫೈಲ್ ಎಲ್ಲಿದೆ ಅಂತ ಲೆಕ್ಕ ಇಡೋ ಫೈಲ್ ಸಿಸ್ಟಮ್, ತನ್ನ ಲೆಕ್ಕದಲ್ಲಿ ಏನೋ ತಾಳೆ ಆಗ್ತಿಲ್ಲ ಅಂತ ಕಂಡ ತಕ್ಷಣ ‘ಇನ್ಮೇಲೆ ಒಂದಕ್ಷರ ಬರೆಯಲ್ಲ’ ಅಂತ ಪೆನ್ನು ಕೆಳಗಿಡೋದು ಅದು. ನಿಮ್ ಆಫೀಸಲ್ಲಿ ಲೆಡ್ಜರ್‌ಗೂ ಕ್ಯಾಶ್ ಬುಕ್ಕಿಗೂ ತಾಳೆ ಆಗ್ದೇ ಇದ್ದಾಗ ಅದೇ ಪುಸ್ತಕದಲ್ಲಿ ಮುಂದಿನ ತಿಂಗಳ ಎಂಟ್ರಿ ಹಾಕ್ತಾ ಹೋಗ್ತೀರಾ? ಇಲ್ಲ ತಾನೇ. ಹಾಗೇ ಇದೂ. ಅದು ನಿಲ್ಲಿಸಿದ್ದು ನಿಮ್ಮನ್ನ ಉಳಿಸೋಕೆ, ಇದನ್ನ ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿ ಎಬ್ಬಿಸಿ ಬರೆಸೋದು ಅಂದ್ರೆ ಜ್ವರ ಇರೋರಿಗೆ ಮಾತ್ರೆ ನುಂಗಿಸಿ ಓಟಕ್ಕೆ ನಿಲ್ಲಿಸಿದಂಗೆ. ಕೆಲವರು ರೀಮೌಂಟ್ ಮಾಡೋ, ಅಂದ್ರೆ ಡಿಸ್ಕನ್ನ ಸಿಸ್ಟಮ್ಮಿಗೆ ಮತ್ತೆ ಜೋಡಿಸೋ ಕಮಾಂಡ್ ಹಾಕಿ ಬಲವಂತವಾಗಿ ರೈಟ್ ಆನ್ ಮಾಡೋಕೆ ನೋಡ್ತಾರೆ, ಅದಂತೂ ಬೇಡವೇ ಬೇಡ.

ವೈರಸ್ ಅಂದೋರ ಮಾತು ಬಿಟ್ಬಿಡಿ. ವೈರಸ್ಸಿಗೆ ಬರೆಯೋಕೆ ಬೇಕು, ಇಲ್ಲಿ ಬರೆಯೋದೇ ನಿಂತಿದೆ.

ಆ 90 ಜಿಬಿ ಕಥೆ ಬೇರೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಆದ್ರೆ ಆಡಿಟರ್ ಆಫೀಸಿನವರು ಕಳೆದು ನೋಡಿದೀರಿ ಅಂದ್ಮೇಲೆ ಲೆಕ್ಕ ಒಪ್ಪಿಸ್ಲೇಬೇಕು. ಇಎಕ್ಸ್‌ಟಿ4 ಡಿಸ್ಕ್ ಫಾರ್ಮ್ಯಾಟ್ ಮಾಡೋವಾಗ್ಲೇ ಶೇಕಡಾ 5ರಷ್ಟು ಜಾಗ ರೂಟ್ ಯೂಸರ್‌ಗೆ (ಸರ್ವರ್ ನೋಡ್ಕೊಳ್ಳೋರ ಅಕೌಂಟು) ಅಂತ ಎತ್ತಿಡುತ್ತೆ. 2 ಟಿಬಿ ಡಿಸ್ಕು ಕಂಪ್ಯೂಟರ್ ಲೆಕ್ಕದಲ್ಲಿ ಸುಮಾರು 1860 ಜಿಬಿ, ಅದ್ರಲ್ಲಿ 5 ಪರ್ಸೆಂಟ್ ಅಂದ್ರೆ 93 ಜಿಬಿ, ನಿಮ್ 90 ಸಿಕ್ತಲ್ಲ. ಓಎಸ್ ಇರೋ ಡಿಸ್ಕಲ್ಲಿ ಈ ರಿಸರ್ವ್ ಬೇಕು, ಬರೀ ಡೇಟಾ ಇಡೋ ಡಿಸ್ಕಲ್ಲಿ 1 ಪರ್ಸೆಂಟ್ ಸಾಕು, ಟ್ಯೂನ್‌2ಎಫ್‌ಎಸ್ ಅನ್ನೋ ಕಮಾಂಡಿಂದ ಕಮ್ಮಿ ಮಾಡಬಹುದು. ಆದ್ರೆ ಈಗಲ್ಲ, ಈ ಡಿಸ್ಕಿಗೆ ಈಗ ಏನೂ ಬರೆಯೋ ಹಾಗಿಲ್ಲ. (ಇನ್ನೂ ಕೆಲವ್ರಿಗೆ ಜಾಗ ನಿಜವಾಗ್ಲೂ ಇದ್ದು ಐನೋಡ್ ಖಾಲಿ ಆಗಿರುತ್ತೆ. ಐನೋಡ್ ಅಂದ್ರೆ ಫೈಲಿನ ವಿವರ ಬರೆದಿಡೋ ಚೀಟಿ, ಪ್ರತಿ ಫೈಲಿಗೂ ಒಂದು ಬೇಕು, ಮಾಮೂಲಿ ಸೆಟ್ಟಿಂಗಲ್ಲಿ 16 ಕೆಬಿಗೆ ಒಂದರ ಲೆಕ್ಕ, ಅಂದ್ರೆ 20 ಜಿಬಿ ಪಾರ್ಟಿಶನ್ನಿಗೆ ಸುಮಾರು 13 ಲಕ್ಷ. ಯಾವುದೋ ಸ್ಕ್ರಿಪ್ಟು ದಿನಾ ಸಾವಿರಾರು ಪುಟಾಣಿ ಫೈಲ್ ಉದುರಿಸ್ತಾ ಇದ್ರೆ ಅಷ್ಟೂ ಮುಗೀತವೆ. ಡಿಎಫ್ ಮೈನಸ್ ಐ ಹಾಕಿದ್ರೆ ಗೊತ್ತಾಗುತ್ತೆ.)

ಈಗ ಮುಖ್ಯವಾದ್ದು. ‘ಕರೆಂಟ್ ಹೋಗಿ ಫೈಲ್ ಸಿಸ್ಟಮ್ ಹಾಳಾಯ್ತು’ ಅಂತ ನೀವೂ ನಂಬಿದೀರಿ, ಆ ಹುಡುಗನೂ ನಂಬಿದಾನೆ. ನಂಗೆ ಪೂರ್ತಿ ನಂಬಿಕೆ ಇಲ್ಲ. ಯಾಕೆ ಹೇಳ್ತೀನಿ. ಇಎಕ್ಸ್‌ಟಿ3 2001ರಲ್ಲಿ ಲಿನಕ್ಸ್‌ಗೆ ಬಂದಾಗಿಂದ ಜರ್ನಲ್ ಅನ್ನೋದೊಂದು ಇದೆ, 2008ರಲ್ಲಿ ಬಂದ ಇಎಕ್ಸ್‌ಟಿ4ಲ್ಲೂ ಅದೇ. ಅಸಲಿ ಜಾಗದಲ್ಲಿ ಬರೆಯೋಕೆ ಮುಂಚೆ ‘ಹೀಗ್ ಹೀಗೆ ಬದಲಾಯಿಸ್ತೀನಿ’ ಅಂತ ಒಂದು ಕಚ್ಚಾ ಪುಸ್ತಕದಲ್ಲಿ ಬರ್ಕೊಳ್ಳೋದು, ಮಾಮೂಲಿಯಾಗಿ 5 ಸೆಕೆಂಡಿಗೊಂದ್ ಸಲ. ಮಧ್ಯದಲ್ಲಿ ಕರೆಂಟ್ ಹೋದ್ರೆ, ವಾಪಸ್ ಬಂದಾಗ ಕಚ್ಚಾ ಪುಸ್ತಕ ನೋಡಿ ಅಸಲಿ ಲೆಡ್ಜರ್ ಸರಿಮಾಡ್ಕೊಳುತ್ತೆ. ಅಂದ್ರೆ ಆರೋಗ್ಯವಾಗಿರೋ ಡಿಸ್ಕಲ್ಲಿ ಬರೀ ಕರೆಂಟ್ ಹೋಗಿದ್ದಕ್ಕೆ ಫೈಲ್ ಸಿಸ್ಟಮ್ ಕೆಡಬಾರ್ದು. ನಮ್ಮೂರಲ್ಲಿ ಏಪ್ರಿಲ್ ಮೇ ಮಳೆಗೆ ಎಷ್ಟು ಸಲ ಕರೆಂಟ್ ಹೋಗುತ್ತೆ, ಅಷ್ಟು ಸಲಾನೂ ಕೆಡೋದಾದ್ರೆ ಬೆಂಗಳೂರಲ್ಲಿ ಒಂದು ಸರ್ವರೂ ಉಳೀತಿರ್ಲಿಲ್ಲ.

ಹಾಗಂತ ಜರ್ನಲ್ ಇದೆ ಅಂತ ಡೇಟಾ ಹೋಗೋದೇ ಇಲ್ಲ ಅಂತಲ್ಲ, ಅದು ಇನ್ನೊಂದು ತಪ್ಪು ಕಲ್ಪನೆ. ಮಾಮೂಲಿ ಸೆಟ್ಟಿಂಗಲ್ಲಿ ಜರ್ನಲ್ ಬರ್ಕೊಳ್ಳೋದು ಮೆಟಾಡೇಟಾ ಮಾತ್ರ, ಅಂದ್ರೆ ಯಾವ ಫೈಲು, ಎಲ್ಲಿದೆ, ಎಷ್ಟುದ್ದ ಇವಿಷ್ಟೇ, ಫೈಲೊಳಗಿನ ಎಂಟ್ರಿ ಅಲ್ಲ. ಆವತ್ತು ಸಂಜೆ ಕರೆಂಟ್ ಹೋಗೋ ಕ್ಷಣದಲ್ಲಿ ಯಾರೋ ವೋಚರ್ ಹಾಕ್ತಿದ್ರೆ ಫೈಲ್ ಸಿಸ್ಟಮ್ ಸರಿಯಿದ್ದೂ ಆ ವೋಚರ್ ಅರ್ಧ ಆಗಿರಬಹುದು. ಅದಕ್ಕೇ ಎಲ್ಲ ಸರಿಹೋದ್ಮೇಲೆ ಆ ದಿನದ ಎಂಟ್ರಿಗಳನ್ನ ಟ್ಯಾಲಿಯಲ್ಲೇ ಕೂತು ನೋಡ್ಬೇಕು, ಫೈಲ್ ತೆರ್ಕೊಂತು ಅಂತ ಸುಮ್ನಾಗ್ಬೇಡಿ.

ಹಾಗಾದ್ರೆ ಎರಡೆರಡು ದಿನಕ್ಕೆ ಯಾಕೆ ಮರುಕಳಿಸ್ತಿದೆ? ನಂಗೆ ಎರಡು ಅನುಮಾನ.

ಒಂದು, ಆವತ್ತು ಆದ ಗಾಯ ಇನ್ನೂ ಹಾಗೇ ಇದೆ, ಯಾರೂ ಚೆಕ್ಕೇ ಮಾಡಿಲ್ಲ. ರೀಸ್ಟಾರ್ಟ್ ಆದಾಗ ತಾನಾಗೇ ಚೆಕ್ ಆಗ್ಬೇಕಲ್ವಾ ಅಂತೀರಿ. ಆಗುತ್ತೆ, ಎಫ್‌ಎಸ್‌ಟ್ಯಾಬ್ ಅನ್ನೋ ಫೈಲಲ್ಲಿ ಆ ಡಿಸ್ಕಿನ ಸಾಲಿನ ಕೊನೇ ಅಂಕಿ ಸೊನ್ನೆ ಅಲ್ದೇ ಇದ್ರೆ ಮಾತ್ರ, ಡೇಟಾ ಡಿಸ್ಕಿಗೆ ಸಾಮಾನ್ಯವಾಗಿ 2. ಅದು 0 ಇದ್ರೆ ಚೆಕ್ ಮಾಡ್ಬೇಡ ಅಂತ ಅರ್ಥ. ಎರಡನೇ ಡಿಸ್ಕ್ ಆಮೇಲೆ ಸೇರಿಸಿರೋ ಸರ್ವರ್‌ಗಳಲ್ಲಿ ನಾನು ನೋಡಿರೋ ಮಟ್ಟಿಗೆ ಮುಕ್ಕಾಲು ಪಾಲು ‘0 0’ ಅಂತಾನೇ ಇರುತ್ತೆ, ಎಲ್ಲಿಂದಲೋ ಕಾಪಿ ಹೊಡೆದು ಹಾಕಿರ್ತಾರೆ. ವರ್ಷಗಟ್ಲೆ ಒಂದ್ ಸಲಾನೂ ಚೆಕ್ ಆಗಿರಲ್ಲ.

ಎರಡನೇದು, ಡಿಸ್ಕೇ ಸಾಯ್ತಿದೆ, ಅಥವಾ ಅದ್ರ ಕೇಬಲ್ ಸಡಿಲ ಆಗಿದೆ. ಕರೆಂಟ್ ಹೋಗಿ ಬಂದಿದ್ದು ನೆಪ ಅಷ್ಟೇ.

ಈ ಎರಡರಲ್ಲಿ ಯಾವ್ದು ಅಂತ ಗೊತ್ತಾಗೋ ತನಕ ಎಫ್‌ಎಸ್‌ಸಿಕೆ ಹೆಸರೇ ಎತ್ಬಾರ್ದು. ಗೊತ್ತು ಮಾಡ್ಕೊಳ್ಳೋದು ಐದ್ ನಿಮಿಷದ ಕೆಲ್ಸ. ಕರ್ನಲ್ (ಓಎಸ್‌ನ ತಿರುಳು) ಬರೆದ ಸಂದೇಶ ತೋರಿಸೋ ಡಿಮೆಸ್ಜಿ ಕಮಾಂಡ್ ಹಾಕಿ ‘ರೀಮೌಂಟಿಂಗ್ ಫೈಲ್‌ಸಿಸ್ಟಮ್ ರೀಡ್ ಓನ್ಲಿ’ ಅನ್ನೋ ಸಾಲು ಹುಡುಕಿ, ಅಲ್ಲಿಂದ ಮೇಲಕ್ಕೆ ಓದಿ. ಕೆಳಕ್ಕಲ್ಲ, ಮೇಲಕ್ಕೆ. ಅದರ ಮೇಲೆ ‘ಐ/ಓ ಎರರ್, ಡೆವ್ ಎಸ್‌ಡಿಬಿ, ಸೆಕ್ಟರ್’ ಅಂತ ಒಂದು ದೊಡ್ಡ ನಂಬರ್ ಜೊತೆ ಸಾಲು ಇದ್ರೆ ಡಿಸ್ಕಿಂದ ಓದೋಕೇ ಆಗ್ತಿಲ್ಲ ಅಂತ, ಎರಡನೇ ಅನುಮಾನ ನಿಜ. ಅಂಥ ಸಾಲೇನೂ ಇಲ್ದೆ ಬರೀ ‘ಇಎಕ್ಸ್‌ಟಿ4-ಎಫ್‌ಎಸ್ ಎರರ್’ ಅಂತ ಐನೋಡ್ ನಂಬರೋ ಬಿಟ್‌ಮ್ಯಾಪ್ (ಯಾವ ಜಾಗ ಖಾಲಿ ಅನ್ನೋ ಪಟ್ಟಿ) ತಪ್ಪಿದೆ ಅಂತಲೋ ಇದ್ರೆ ಮೊದಲನೇದು ಇರಬಹುದು. ರೀಸ್ಟಾರ್ಟ್ ಮಾಡ್ಬಿಟ್ಟಿದ್ರೆ ಡಿಮೆಸ್ಜಿ ಅಳಿಸಿ ಹೋಗಿರುತ್ತೆ, ಆದ್ರೆ ನಿಮ್ ಓಎಸ್ಸು ಬೇರೆ ಎಸ್‌ಎಸ್‌ಡಿಲಿದೆ, ಪುಣ್ಯ, ಹಳೇ ಲಾಗ್ ಅಲ್ಲಿ ಉಳಿದಿರುತ್ತೆ, ಜರ್ನಲ್‌ಸಿಟಿಎಲ್ ಅನ್ನೋ ಕಮಾಂಡಲ್ಲಿ ಹಿಂದಿನ ಬೂಟಿನ ಕರ್ನಲ್ ಲಾಗ್ ತೆಗೀಬಹುದು.

ಆಮೇಲೆ ಸ್ಮಾರ್ಟ್, ಅಂದ್ರೆ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಕೊಳ್ಳೋ ಲೆಕ್ಕ, ಅದನ್ನ ತೋರಿಸೋ ಸ್ಮಾರ್ಟ್‌ಸಿಟಿಎಲ್ ಕಮಾಂಡ್ ಹಾಕಿ ಡಿಸ್ಕಿನ ಜಾತಕ ನೋಡಿ. ತುಂಬಾ ಸಾಲು ಬರುತ್ತೆ, ಹೆದರ್ಬೇಡಿ, ನೋಡ್ಬೇಕಾಗಿರೋದು ನಾಲ್ಕು: 5ನೇ ನಂಬರಿನ ರೀಅಲೊಕೇಟೆಡ್ ಸೆಕ್ಟರ್, 197 ಪೆಂಡಿಂಗ್ ಸೆಕ್ಟರ್, 198 ಅನ್‌ಕರೆಕ್ಟಬಲ್, 199 ಸಿಆರ್‌ಸಿ ಎರರ್. 197, 198ರಲ್ಲಿ ಸೊನ್ನೆ ಬಿಟ್ಟು ಏನೇ ಇದ್ರೂ ಆ ಡಿಸ್ಕನ್ನ ನಾನು ನಂಬಲ್ಲ. ಬರೀ 199 ಜಾಸ್ತಿ ಇದ್ದು ಮಿಕ್ಕಿದ್ದೆಲ್ಲ ಸೊನ್ನೆ ಇದ್ರೆ ಖುಷಿಪಡಿ, ಬಹುಶಃ ಬರೀ ಸಾಟಾ ಕೇಬಲ್ಲು, ಎಸ್‌ಪಿ ರೋಡಲ್ಲಿ ಒಂದು ಕಾಫಿ ತಿಂಡಿ ದುಡ್ಡಿಗೆ ಸಿಗುತ್ತೆ. ಆ ಕೌಂಟು ಕೇಬಲ್ ಬದಲಾಯ್ಸಿದ್ರೂ ಕಮ್ಮಿ ಆಗಲ್ಲ, ಮತ್ತೆ ಏರ್ತಾ ಇದ್ಯಾ ಅಂತ ನೋಡ್ಬೇಕು ಅಷ್ಟೇ. ಅಂದ ಹಾಗೆ ಆಯುಧ ಪೂಜೆ ಆದ ವಾರ ನಂಗೆ ಇಂಥ ಫೋನ್ ಜಾಸ್ತಿ ಬರ್ತವೆ. ಸಿಪಿಯು ಎಳೆದು ಧೂಳು ಹೊಡೆದು ಒರೆಸಿ ಅರಿಶಿನ ಕುಂಕುಮ ಇಟ್ಟು ವಾಪಸ್ ತಳ್ಳಿರ್ತಾರೆ, ಒಳಗೆ ಕೇಬಲ್ ಅರ್ಧ ಕಳಚಿರುತ್ತೆ.

ಸ್ಮಾರ್ಟ್ ಪೂರ್ತಿ ಕ್ಲೀನ್ ಇದ್ರೂ ಡಿಸ್ಕ್ ಗಟ್ಟಿಯಾಗಿದೆ ಅಂತ ಅರ್ಥ ಅಲ್ಲ. ಗೂಗಲ್‌ನವರು 2007ರಲ್ಲಿ ತಮ್ಮ ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಬಿಡುಗಡೆ ಮಾಡಿದ್ರು, ಅದರಲ್ಲಿ ಸತ್ತ ಡಿಸ್ಕ್‌ಗಳ ಪೈಕಿ ಶೇಕಡಾ 36ರಷ್ಟು ಸ್ಮಾರ್ಟಲ್ಲಿ ಟೆಂಪರೇಚರ್ ಬಿಟ್ರೆ ಬೇರೆ ಯಾವ ಸುಳಿವೂ ಕೊಡ್ದೇ ಸತ್ತಿದ್ವು. ಹಾಗಾಗಿ ಸ್ಮಾರ್ಟ್ ಕೆಟ್ಟದು ಹೇಳಿದ್ರೆ ನಂಬಿ, ಒಳ್ಳೇದು ಹೇಳಿದ್ರೆ ಅರ್ಧ ನಂಬಿ.

ಎಫ್‌ಎಸ್‌ಸಿಕೆ ಬಗ್ಗೆ ಇಷ್ಟು ಯಾಕೆ ಹೆದರಿಸ್ತಿದೀನಿ ಅಂದ್ರೆ ನಾನೇ ಸುಟ್ಕೊಂಡಿದೀನಿ. ಕೆಲ್ಸಕ್ಕೆ ಸೇರಿ ಎರಡು ಮೂರು ವರ್ಷ ಆಗಿತ್ತು, ಸುಲ್ತಾನ್‌ಪೇಟೆ ಕಡೆ ಒಂದು ಮದುವೆ ಕಾರ್ಡ್ ಪ್ರಿಂಟಿಂಗ್‌ನವರ ಸರ್ವರ್ರು, ಸೀಸನ್ನು, ರಾತ್ರಿ 11 ಗಂಟೆ, ಓನರ್ ಹಿಂದೇನೇ ನಿಂತಿದಾರೆ. ಲಾಗ್ ನೋಡ್ಲಿಲ್ಲ, ಕಾಪಿ ತೆಗೀಲಿಲ್ಲ, ಅನ್‌ಮೌಂಟ್ ಮಾಡಿ ಎಫ್‌ಎಸ್‌ಸಿಕೆ ಮೈನಸ್ ವೈ ಹೊಡೆದೆ. ಪರದೆ ಮೇಲೆ ಸಾಲು ಸಾಲು ಓಡ್ತು, ಕೊನೇಲಿ ಎಲ್ಲ ಸರಿ ಅಂತು, ನಾನೂ ಟೀ ಕುಡ್ದು ಮನೆಗೆ ಹೋದೆ. ಬೆಳಗ್ಗೆ ಫೋನು, ಫೋಲ್ಡರ್‌ಗಳೇ ಇಲ್ಲ ಅಂತ. ಹೋಗಿ ನೋಡಿದ್ರೆ ಲಾಸ್ಟ್ ಆ್ಯಂಡ್ ಫೌಂಡ್ ಅನ್ನೋ ಡೈರೆಕ್ಟರಿ ಒಳಗೆ ಸಾವಿರಾರು ಫೈಲು, ಒಂದಕ್ಕೂ ಹೆಸರಿಲ್ಲ, ಬರೀ ಹ್ಯಾಶ್ ಗುರುತು ಮುಂದೆ ಒಂದು ನಂಬರ್ರು. ಯಾವ್ದು ಯಾರ ಮದುವೆ ಅಂತ ಒಂದೊಂದೇ ತೆರೆದು, ವರನ ಹೆಸರು ನೋಡಿ ಮತ್ತೆ ಹೆಸರಿಡ್ತಾ ನಾಲ್ಕು ದಿನ ಕೂತೆ. ಎಷ್ಟೋ ಫೈಲು ಅರ್ಧಕ್ಕೇ ಕಟ್ ಆಗಿದ್ವು. ಡಿಸ್ಕಲ್ಲಿ ಬ್ಯಾಡ್ ಸೆಕ್ಟರ್ ಇತ್ತು, ನಾನು ಮೊದ್ಲು ಅದನ್ನ ನೋಡಿದ್ರೆ ಸಾಕಿತ್ತು.

ಆಗಿದ್ದೇನು ಅಂದ್ರೆ, ಎಫ್‌ಎಸ್‌ಸಿಕೆ ಇರೋದು ನಿಮ್ ಫೈಲ್ ಉಳಿಸೋಕಲ್ಲ. ಅದಕ್ಕೆ ಬೇಕಾಗಿರೋದು ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗೋದು ಅಷ್ಟೇ. ಯಾವುದೋ ಎಂಟ್ರಿಯಿಂದ ಲೆಕ್ಕ ಕೂಡ್ತಿಲ್ಲ ಅಂದ್ರೆ ಆ ಎಂಟ್ರಿನೇ ಕಿತ್ತು ಹಾಕುತ್ತೆ, ಯಾರ ಖಾತೆಗೆ ಸೇರಿದ್ದು ಅಂತ ಗೊತ್ತಾಗ್ದೇ ಇರೋದನ್ನ ಸಸ್ಪೆನ್ಸ್ ಅಕೌಂಟಿಗೆ ತಳ್ಳುತ್ತೆ, ಲಾಸ್ಟ್ ಆ್ಯಂಡ್ ಫೌಂಡ್ ಅಂದ್ರೆ ಅದೇ. ಕೆಡ್ತಿರೋ ಡಿಸ್ಕಲ್ಲಿ ಓಡಿಸಿದ್ರೆ ಇನ್ನೂ ಕಷ್ಟ. ಓದೋಕಾಗ್ದೇ ಇರೋ ಬ್ಲಾಕ್ ಸಿಕ್ಕಾಗ ‘ಬಿಟ್ಟು ಮುಂದೆ ಹೋಗ್ಲಾ, ಮೇಲೆ ಬರೆದುಬಿಡ್ಲಾ’ ಅಂತ ಕೇಳುತ್ತೆ, ಮೈನಸ್ ವೈ ಅಂದ್ರೆ ಎಲ್ಲದಕ್ಕೂ ಹೂಂ ಅಂತ ಮೊದಲೇ ಸಹಿ ಹಾಕಿಕೊಟ್ಟಂಗೆ. ಖಾಲಿ ಚೆಕ್ಕಿಗೆ ಸಹಿ ಹಾಕೋ ಕ್ಲೈಂಟಿಗೆ ನೀವು ಏನಂತೀರಿ? ಇನ್ನು ಮೌಂಟ್ ಆಗಿರೋ, ಜನ ಬಳಸ್ತಿರೋ ಡಿಸ್ಕಿನ ಮೇಲೆ ಓಡಿಸೋರೂ ಇದಾರೆ, ಅದು ಎರಡು ಕೈ ಒಂದೇ ಲೆಡ್ಜರಲ್ಲಿ ಒಟ್ಟಿಗೆ ಬರೆದಂಗೆ, ಚೆನ್ನಾಗಿರೋದೂ ಕೆಡುತ್ತೆ.

ಹಾಗಾದ್ರೆ ನೀವು ಮಾಡ್ಬೇಕಾದ್ದು. ಲಾಗಲ್ಲಿ ಐ/ಓ ಎರರ್ ಇದ್ರೆ, ಅಥವಾ 197ರಲ್ಲಿ ನಂಬರ್ ಇದ್ರೆ, ಅಷ್ಟೇ ದೊಡ್ಡದು ಇಲ್ಲಾ ಅದಕ್ಕಿಂತ ದೊಡ್ಡ ಹೊಸ ಡಿಸ್ಕ್ ತನ್ನಿ. ಬೇಕೇ ಬೇಕಾದ ಫೋಲ್ಡರ್‌ಗಳನ್ನ ಮೊದ್ಲು ಆರ್‌ಸಿಂಕ್ ಅನ್ನೋ ಕಾಪಿ ಟೂಲಲ್ಲಿ ತೆಗೀರಿ, ಆಮೇಲೆ ಅನ್‌ಮೌಂಟ್ ಮಾಡಿ ಡಿಡಿರೆಸ್ಕ್ಯೂ ಅನ್ನೋ ಟೂಲಲ್ಲಿ ಇಡೀ ಡಿಸ್ಕನ್ನ ಹೊಸದಕ್ಕೆ ಇಳಿಸಿ. ಅದು ಬುದ್ಧಿವಂತ ಟೂಲು, ಮೊದ್ಲು ಸುಲಭವಾಗಿ ಬರೋದೆಲ್ಲ ಎತ್ಕೊಳುತ್ತೆ, ಹಟ ಮಾಡೋ ಜಾಗಗಳನ್ನ ಕೊನೆಗೆ ಮತ್ತೆ ಮತ್ತೆ ಕೆದಕುತ್ತೆ, ಎಲ್ಲೀತನಕ ಆಯ್ತು ಅಂತ ಮ್ಯಾಪ್ ಫೈಲಲ್ಲಿ ಬರ್ಕೊಂಡಿರುತ್ತೆ, ಮಧ್ಯದಲ್ಲಿ ನಿಂತ್ರೂ ಮುಂದುವರಿಸಬಹುದು. ಮ್ಯಾಪ್ ಫೈಲ್ ಹಾಕೋದು ಮಾತ್ರ ಮರೀಬೇಡಿ, ಮತ್ತೆ ಯಾವ್ದು ಹಳೇದು ಯಾವ್ದು ಹೊಸದು ಅಂತ ಸೀರಿಯಲ್ ನಂಬರ್ ನೋಡಿ ಮೂರು ಸಲ ಖಾತ್ರಿ ಮಾಡ್ಕೊಳಿ, ಉಲ್ಟಾ ಆದ್ರೆ ಖಾಲಿ ಡಿಸ್ಕು ನಿಮ್ ಡೇಟಾ ಮೇಲೆ ಇಳಿಯುತ್ತೆ. ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಚೆನ್ನಾಗಿರೋ 2 ಟಿಬಿ ಡಿಸ್ಕಿಗೇ ನಾಲ್ಕು ಗಂಟೆ ಹತ್ತಿರ ಹಿಡಿಯುತ್ತೆ, ಕೆಟ್ಟಿರೋದಕ್ಕೆ ದಿನಗಟ್ಲೆ ಆಗಬಹುದು. ಮುಗಿದ್ಮೇಲೆ ಎಫ್‌ಎಸ್‌ಸಿಕೆ ಓಡಿಸೋದು ಹೊಸ ಡಿಸ್ಕಿನ ಮೇಲೆ. ಅಲ್ಲಿ ಏನಾದ್ರೂ ಎಡವಟ್ಟಾದ್ರೆ ಹಳೇದು ಇದ್ದೇ ಇರುತ್ತೆ. ಡಿಸ್ಕಿಂದ ಟಕ್ ಟಕ್ ಅಂತ ಸದ್ದು ಬರ್ತಿದ್ರೆ ಮಾತ್ರ ಇದ್ಯಾವ್ದೂ ಬೇಡ, ಪವರ್ ತೆಗೆದು ರಿಕವರಿ ಲ್ಯಾಬಿಗೆ ಕೊಡಿ, ದುಬಾರಿ, ಆದ್ರೆ ಪ್ರತಿ ಸಲ ಆನ್ ಮಾಡಿದಾಗ್ಲೂ ಉಳಿಯೋದು ಕಮ್ಮಿ ಆಗ್ತಾ ಹೋಗುತ್ತೆ.

ಡಿಸ್ಕ್ ಚೆನ್ನಾಗಿದೆ ಅಂತ ಗೊತ್ತಾದ್ರೆ, ಪೂರ್ತಿ ಕಾಪಿ ತೆಗೆದ್ಮೇಲೆ, ಎಲ್ಲರನ್ನೂ ಲಾಗೌಟ್ ಮಾಡಿಸಿ ಅನ್‌ಮೌಂಟ್ ಮಾಡಿ, ಮೊದ್ಲು ಎಫ್‌ಎಸ್‌ಸಿಕೆನ ಮೈನಸ್ ಎನ್ ಹಾಕಿ ಓಡಿಸಿ. ಅದು ಏನನ್ನೂ ಮುಟ್ಟದೆ ಬರೀ ತಪ್ಪುಗಳ ಪಟ್ಟಿ ಕೊಡುತ್ತೆ. ಹತ್ತಿಪ್ಪತ್ತು ಸಾಲು ಬಂದ್ರೆ ನಿಜವಾದ ರಿಪೇರಿ ಮಾಡಿ, ಪುಟಗಟ್ಲೆ ಬಂದ್ರೆ ನಿಲ್ಲಿಸಿ, ಆ ಹಂತದಲ್ಲಿ ಅಣ್ಣನ ಮಗ ಹೇಳಿದ್ದೇ ಸರಿ, ಕಾಪಿ ಕೈಯಲ್ಲಿದ್ರೆ ಫಾರ್ಮ್ಯಾಟ್ ಮಾಡಿ ವಾಪಸ್ ತುಂಬೋದೇ ನೆಮ್ಮದಿ. ಎಲ್ಲ ಆದ್ಮೇಲೂ ಎರರ್ ಮರುಕಳಿಸಿದ್ರೆ ಒಂದು ರಾತ್ರಿ ಪೂರ್ತಿ ರ‍್ಯಾಮ್ ಟೆಸ್ಟ್ ಹಾಕಿ, ಕೆಟ್ಟ ರ‍್ಯಾಮು ಡಿಸ್ಕಿನ ಮೇಲೆ ಅಪವಾದ ಹೊರಿಸೋದು ನೋಡಿದೀನಿ. (ಎಕ್ಸ್‌ಎಫ್‌ಎಸ್ ಅನ್ನೋ ಇನ್ನೊಂದು ಫೈಲ್ ಸಿಸ್ಟಮ್ ಬಳಸೋರು ಇದನ್ನ ಓದ್ತಿದ್ರೆ, ನಿಮ್ದಕ್ಕೆ ಎಕ್ಸ್‌ಎಫ್‌ಎಸ್ ರಿಪೇರ್ ಅಂತಾನೇ ಬೇರೆ ಟೂಲ್ ಇದೆ, ಅದಕ್ಕೆ ದೊಡ್ಡ ಎಲ್ ಹಾಕಿ ಅಂತ ಯಾರಾದ್ರೂ ಹೇಳಿದ್ರೆ ತಡೀರಿ, ಅದು ಎಕ್ಸ್‌ಎಫ್‌ಎಸ್‌ನ ಜರ್ನಲನ್ನೇ ಅಳಿಸಿಬಿಡುತ್ತೆ, ಬೇರೆ ದಾರಿ ಇಲ್ದಾಗ ಮಾತ್ರ.)

ಯುಪಿಎಸ್ ಬಗ್ಗೆ ಒಂದು ಮಾತು. ಎರಡು ನಿಮಿಷಕ್ಕೆ ಆಫ್ ಆಗಿದೆ ಅಂದ್ರೆ ಬ್ಯಾಟರಿ ಮುಗಿದಿದೆ, ಇಲ್ಲಾ ಅದಕ್ಕೆ ಲೇಸರ್ ಪ್ರಿಂಟರ್ ಸಿಗಿಸಿದೀರಿ. ಹೋಗಿ ನೋಡಿ, ಪ್ರಿಂಟರ್ ಇರುತ್ತೆ ಅಂತ ನನ್ ಅಂದಾಜು. ಅದು ಬಿಸಿಯಾಗೋವಾಗ ಎಳೆಯೋ ಕರೆಂಟು ಚಿಕ್ಕ ಯುಪಿಎಸ್ಸಿಗೆ ತಡ್ಕೊಳೋಕಾಗಲ್ಲ. ಪ್ರಿಂಟರ್ ಗೋಡೆ ಪ್ಲಗ್ಗಿಗೆ ಹಾಕಿ, ಬ್ಯಾಟರಿ ಬದಲಾಯಿಸಿ, ಯುಪಿಎಸ್ ಹಿಂದೆ ಯುಎಸ್‌ಬಿ ಪೋರ್ಟ್ ಇದ್ರೆ ಸರ್ವರ್‌ಗೆ ಸಿಗಿಸಿ ನಟ್ ಅನ್ನೋ ಪ್ಯಾಕೇಜ್ ಹಾಕ್ಸಿ, ಬ್ಯಾಟರಿ ಇಳಿದಾಗ ಸರ್ವರ್ ತಾನಾಗೇ ನೀಟಾಗಿ ಶಟ್‌ಡೌನ್ ಆಗುತ್ತೆ.

20ನೇ ತಾರೀಖಿನ ತನಕ ತಳ್ಳಬಹುದಾ ಅಂದ್ರೆ, ಆ ಡಿಸ್ಕಿನ ಮೇಲೆ ಬೇಡ. ಕೆಲ್ಸ ನಿಲ್ಲಿಸ್ಬೇಕಿಲ್ಲ, ಕಾಪಿ ತೆಗೆದಿರೋ ಟ್ಯಾಲಿ ಫೋಲ್ಡರನ್ನ ಇನ್ನೊಂದು ಪಿಸಿಗೆ ಹಾಕಿ, ಅದನ್ನೇ ನೆಟ್‌ವರ್ಕಲ್ಲಿ ಶೇರ್ ಮಾಡಿ, ಕಂಪನಿ ಕಂಪನಿ ತೆರೆದು ಕ್ಲೋಸಿಂಗ್ ಬ್ಯಾಲೆನ್ಸ್ ನೋಡ್ಕೊಂಡು ಅಲ್ಲಿಂದಲೇ 3ಬಿ ಫೈಲ್ ಮಾಡಿ. ಎರಡು ತಿಂಗಳ ಹಿಂದಿನ ಬ್ಯಾಕಪ್ ಮೇಲೆ ಈ ಕಾಪಿನ ಬರೀಬೇಡಿ, ಅದೂ ಇರ್ಲಿ ಪಕ್ಕದಲ್ಲಿ. ಸರ್ವರ್ ಆಪರೇಶನ್ ಎಲ್ಲ ಶನಿವಾರ ಸಂಜೆ ಇಟ್ಕೊಳಿ, ಭಾನುವಾರ ಪೂರ್ತಿ ಕೈಯಲ್ಲಿರುತ್ತೆ.

ಇನ್ನು ಹಳೇ ಡಿಸ್ಕ್ ತೆಗೆದ್ಮೇಲೆ ಗುಜರಿಯವನಿಗೆ ಕೊಟ್ಬಿಡ್ಬೇಡಿ, ಕ್ಲೈಂಟ್‌ಗಳ ಪ್ಯಾನು ಆಧಾರು ಎಲ್ಲಾ ಅದ್ರಲ್ಲಿದೆ. ಮೇಲೆ ಮಾರ್ಕರಲ್ಲಿ ತಾರೀಖು, ‘ಕೆಟ್ಟಿದೆ’ ಅಂತ ದೊಡ್ಡದಾಗಿ ಬರೆದು ಬೀರುಲಿಡಿ, ಈ ವರ್ಷದ ಆಡಿಟ್ ಮುಗಿದು ಯಾವ ಫೈಲೂ ಕಾಣೆಯಾಗಿಲ್ಲ ಅಂತ ಖಾತ್ರಿ ಆದ್ಮೇಲೆ ಡ್ರಿಲ್ ಇಟ್ಕೊಂಡಿರೋ ಯಾರನ್ನಾದ್ರೂ ಕರೆಸಿ ಪ್ಲ್ಯಾಟರ್ (ಡಿಸ್ಕಿನೊಳಗಿನ ತಟ್ಟೆ) ಮೇಲೇ ನಾಲ್ಕು ತೂತು ಹೊಡೆಸಿ.